‘ತಿದ್ದಲಾಗಿದೆ’ ಎಂದ ಹಸಿರು ಸಾಲು

ಬೆಟಗೇರಿಯಲ್ಲಿ ಕಳಕಪ್ಪನ ಪ್ರೆಸ್ಸು ಎಲ್ಲಿ ಎಂದು ಕೇಳಿದರೆ ಯಾರಾದರೂ ಕೈಮಾಡಿ ತೋರಿಸುತ್ತಾರೆ. ಒಳಗೆ ಕಂಪ್ಯೂಟರಿನ ಮುಂದೆ ಕೂತ ಕಾಂಚನಾಳನ್ನು ಮಾತ್ರ ಯಾರೂ ತೋರಿಸಬೇಕಾಗಿರಲಿಲ್ಲ. ಅವಳ ದನಿ ಓಣಿಯ ತಿರುವಿನ ತನಕ ಕೇಳುತ್ತಿತ್ತು. ಹೆಸರು ತಪ್ಪು ಬರೆದು ತಂದವರನ್ನು, ಕೊನೆಯ ದಿನ ಓಡಿಬಂದು ಇವತ್ತೇ ಬೇಕು ಅನ್ನುವವರನ್ನು, ಮಾಲೀಕ ಕಳಕಪ್ಪನನ್ನು ಕೂಡ ಅವಳು ಬಿಡುತ್ತಿರಲಿಲ್ಲ. ಈಗ ಒಂದು ವರ್ಷದಿಂದ ಅಲ್ಲಿ ಮಷೀನಿನ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿಲ್ಲ. ಕಾಂಚನಾ ಬರುತ್ತಾಳೆ, ಕೆಲಸ ಮಾಡುತ್ತಾಳೆ, ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಾಳೆ.

ಅವಳ ಅಪ್ಪ ಮುದಕಪ್ಪ ಇದೇ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವನು. ಹೆಂಡತಿ ಬೇಗ ಹೋದಳು, ಉಳಿದವರು ಇಬ್ಬರು ಹೆಣ್ಣುಮಕ್ಕಳು: ಕಾಂಚನಾ, ಅವಳಿಗಿಂತ ಎಂಟು ವರ್ಷ ಸಣ್ಣವಳಾದ ಮಾಯಾ. ಪಿಯುಸಿ ಮುಗಿಯುತ್ತಲೇ ಕಾಂಚನಾಳನ್ನು ಸೊರಟೂರಿಗೆ ಕೊಟ್ಟರು. ಎರಡು ವರ್ಷಕ್ಕೆ ಒಂದು ಚೀಲ ಹಿಡಿದುಕೊಂಡು ತಿರುಗಿ ಬಂದಳು. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ ‘ಬಂದೆ’ ಎಂಬುದಷ್ಟೇ ಉತ್ತರ. ಅಪ್ಪ ಅಷ್ಟನ್ನೂ ಕೇಳಲಿಲ್ಲ. ಮರುದಿನ ಪ್ರೆಸ್ಸಿಗೆ ಕರೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂರಿಸಿದ. ಆರು ವರ್ಷ ಮಗ್ಗುಲಲ್ಲಿ ನಿಂತು ಕಲಿಸಿ, ಒಂದು ಶ್ರಾವಣದಲ್ಲಿ ತೀರಿಕೊಂಡ. ಅಂದಿನಿಂದ ಮಾಯಾಳಿಗೆ ಅಪ್ಪನೂ ಅವ್ವನೂ ಅಕ್ಕನೇ.

ಮಾಯಾ ಮನೆಯಲ್ಲೇ ಕೂತು ಕುಪ್ಪಸ ಹೊಲಿಯುತ್ತಾಳೆ. ಮೆತ್ತನೆಯ ಹುಡುಗಿ. ಅವಳನ್ನು ನೋಡಲು ಶಿರಹಟ್ಟಿಯಿಂದ ಬಂದರು, ಲಕ್ಷ್ಮೇಶ್ವರದಿಂದ ಬಂದರು, ಅಡರಕಟ್ಟಿಯಿಂದ ಬಂದರು. ಹುಡುಗಿ ಎಲ್ಲರಿಗೂ ಮನಸ್ಸಿಗೆ ಬರುತ್ತಿದ್ದಳು. ಆಮೇಲೆ ಯಾರಾದರೂ ಒಬ್ಬ ಹಿರಿಯ ಹೆಂಗಸು ಚಹಾದ ಕಪ್ಪು ಕೆಳಗಿಟ್ಟು, “ಅಕ್ಕ ಯಾಕ ಬಾಳ್ವಿ ಬಿಟ್ಟು ಬಂದಾಳ?” ಎಂದು ಕೇಳುತ್ತಿದ್ದಳು. ಅಲ್ಲಿಗೆ ಮುಗಿಯಿತು. ಗುಣ ಕೂಡಲಿಲ್ಲ ಎಂದು ಎರಡು ದಿನಕ್ಕೆ ಖಬರು ಬರುತ್ತಿತ್ತು. ಕಾಂಚನಾ ಅವರ ಮನೆತನವನ್ನೆಲ್ಲ ಬೈದು, ಬೈಯುವುದು ಮುಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. ತನ್ನಿಂದ ತಂಗಿಯ ಬಾಳು ನಿಂತಿದೆ ಎಂಬುದೊಂದು ಅವಳ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಮಾಯಾಳಿಗೆ ಮೂವತ್ತೊಂದು ತುಂಬಿತು.

ಇತ್ತ ಪ್ರೆಸ್ಸಿನದೂ ಕೈ ಸಡಿಲಾಗುತ್ತಿತ್ತು. ಮೊದಲು ಸಾವಿರ ಲಗ್ನಪತ್ರಿಕೆ ಮಾಡಿಸುತ್ತಿದ್ದವರು ನೂರಕ್ಕೆ ಬಂದರು. ಉಳಿದವರಿಗೆ ಫೋನಿನಲ್ಲೇ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಲಗ್ನಗಳಿಲ್ಲದ ಆಷಾಢದಲ್ಲಿ ಒಂದು ದಿನ ಕಳಕಪ್ಪ, “ಇನ್ನ ಎರಡು ವರ್ಷ ನೋಡೂದು. ಮುಂದ ಬಾಗಲಾ ಹಾಕೂದ” ಎಂದ. ಕಾಂಚನಾ ಆ ಮಾತಿಗೆ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಒಳಗೆ ಏನೋ ಹಟ ಹಿಡಿದಿದ್ದಾಳೆ ಎಂದೇ ಅರ್ಥ.

ಅವಳ ತಲೆಯಲ್ಲಿ ಬಂದದ್ದು ಇಷ್ಟು: ಮಂದಿ ಮನೆಯಲ್ಲೇ ಕೂತು ಫೋನಿನಲ್ಲಿ ಹೆಸರು, ತಿಥಿ, ಸ್ಥಳ ತುಂಬಬೇಕು, ತುಂಬಿದ ಕೂಡಲೇ ಪತ್ರಿಕೆ ಕಣ್ಣ ಮುಂದೆ ಬರಬೇಕು, ಅದನ್ನೇ ಅವರು ನೆಂಟರಿಗೆ ಕಳಿಸಬೇಕು, ಕಾಗದದ ಮೇಲೆ ಬೇಕಾದಷ್ಟನ್ನು ಪ್ರೆಸ್ಸು ಹಾಕಿಕೊಡಬೇಕು. ಇಂಥದ್ದನ್ನು ಮಾಡಲು ಪೈಥಾನ್ ಎಂಬ ಭಾಷೆ, ಅದರ ಮೇಲೆ ಫ್ಲಾಸ್ಕ್ ಎಂಬ ಸಣ್ಣ ಚೌಕಟ್ಟು ಸಾಕು ಎಂದು ಯಾವುದೋ ವಿಡಿಯೋದಲ್ಲಿ ಕೇಳಿದಳು. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಪ್ರೆಸ್ಸು ಖಾಲಿ. ಆ ಮೂರು ತಾಸು ಅವಳ ಶಾಲೆಯಾಯಿತು.

“ಫ್ಲಾಸ್ಕ್ ಅಂದ್ರ ಚಹಾ ತುಂಬೂದೇನವಾ? ನಮ್ಮ ಮನ್ಯಾಗೂ ಒಂದು ಐತಿ” ಎಂದ ಕಳಕಪ್ಪ.

“ನಿಮ್ಮದ್ರಾಗ ಚಹಾ ಆರ್ತೈತ್ರಿ ಸಾವಕಾರ್ರ. ಇದರಾಗ ಆರೂದಿಲ್ಲ” ಎಂದಳು ಕಾಂಚನಾ.

ವಿಡಿಯೋದವನು ಹೇಳುವ ಇಂಗ್ಲಿಷು ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ತಿಳಿದದ್ದನ್ನು ಹಳೆಯ ಡೈರಿಯ ಹಿಂದೆ ಕನ್ನಡದಲ್ಲಿ ಬರೆದುಕೊಂಡಳು. ‘ರೂಟ್ ಅಂದರೆ ಯಾವ ವಿಳಾಸಕ್ಕೆ ಬಂದವರಿಗೆ ಏನು ತೋರಿಸಬೇಕು ಅನ್ನುವುದು. ಟೆಂಪ್ಲೇಟ್ ಅಂದರೆ ಹೆಸರಿನ ಜಾಗ ಖಾಲಿ ಬಿಟ್ಟ ಪತ್ರಿಕೆ.’ ಪೈಥಾನಿನಲ್ಲಿ ಸಾಲಿನ ಮುಂದೆ ಬಿಡುವ ಜಾಗಕ್ಕೂ ಅರ್ಥವಿದೆ, ಒಂದು ಜಾಗ ಹೆಚ್ಚುಕಡಿಮೆಯಾದರೆ ಕೆಲಸ ನಿಲ್ಲುತ್ತದೆ. ಕಲಿಯುವವರೆಲ್ಲ ಅಲ್ಲೇ ಎಡವುತ್ತಾರೆ ಎಂದು ವಿಡಿಯೋದವನು ಹೆದರಿಸಿದ. ಮೊಳೆ ಜೋಡಿಸುವವನ ಮಗಳಿಗೆ ಜಾಗ ಬಿಡುವುದನ್ನು ಯಾರು ಕಲಿಸಬೇಕು? ಅವಳು ಅಲ್ಲಿ ಒಂದು ಸಲವೂ ಎಡವಲಿಲ್ಲ.

ಹನ್ನೊಂದನೆಯ ದಿನ ಪರದೆಯ ಮೇಲೆ ‘ನಮಸ್ಕಾರ’ ಬಂತು. ಮೇಲಿನ ವಿಳಾಸದಲ್ಲಿ ಒಂದು ಹೆಸರು ಹೊಡೆದರೆ ಕೆಳಗಿನ ಪುಟದಲ್ಲಿ ಅದೇ ಹೆಸರು ಬರುವಂತೆ ಮಾಡಿದ ದಿನ ಮಾಯಾಳನ್ನು ಪ್ರೆಸ್ಸಿಗೆ ಕರೆಸಿದಳು. ಮಾಯಾ ತನ್ನ ಹೆಸರು ಹೊಡೆದಳು. ‘ನಮಸ್ಕಾರ ಮಾಯಾ’ ಎಂದು ಬಂತು. ಅಕ್ಕತಂಗಿ ಇಬ್ಬರೂ ಖಾಲಿ ಪ್ರೆಸ್ಸಿನಲ್ಲಿ ಕೂತು ಓಣಿಯವರ ಹೆಸರನ್ನೆಲ್ಲ ಒಂದೊಂದಾಗಿ ಹೊಡೆದು ನಕ್ಕರು. ಕಾಂಚನಾ ತನ್ನ ಬಾಳಿನಲ್ಲಿ ಅಷ್ಟು ಖುಷಿಯಾಗಿದ್ದ ದಿನಗಳು ಬಹಳ ಇರಲಿಕ್ಕಿಲ್ಲ.

ದೊಡ್ಡ ಚೌಕಟ್ಟುಗಳು ಬಹಳಷ್ಟನ್ನು ತಾವೇ ಮಾಡಿಕೊಡುತ್ತವೆ. ಇದು ಹಗುರದ್ದು, ಹೇಳಿದಷ್ಟು ಮಾಡುತ್ತದೆ, ಹೇಳದ್ದನ್ನು ಮುಟ್ಟುವುದಿಲ್ಲ. “ನನ್ನ ಸ್ವಭಾವಕ್ಕ ಇದ ಛಲೋ. ನಡುವ ಬಾಯಿ ಹಾಕೂದಿಲ್ಲ” ಎಂದು ಮಾಯಾಳ ಮುಂದೆ ಹೊಗಳಿದಳು. ಆರು ತಿಂಗಳಲ್ಲಿ ಜಾಲತಾಣ ಒಂದು ಹದಕ್ಕೆ ಬಂತು. ನಮ್ಮ ಕಡೆಯ ಪತ್ರಿಕೆ ಹೇಗಿರಬೇಕು ಎಂಬುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಿರಿಯರ ಹೆಸರೆಲ್ಲ ಬರಬೇಕು. ಇದ್ದವರ ಹೆಸರಿನ ಮುಂದೆ ‘ಶ್ರೀ’, ಲಿಂಗೈಕ್ಯರಾದವರ ಹೆಸರಿನ ಮುಂದೆ ‘ಲಿಂ.’ ಬರಬೇಕು. ಅದಕ್ಕಾಗಿ ಪ್ರತಿ ಹೆಸರಿನ ಮಗ್ಗುಲಲ್ಲಿ ಒಂದು ಚಿಕ್ಕ ಚೌಕ ಇಟ್ಟಳು. ತೀರಿಹೋದವರಾದರೆ ಅದರಲ್ಲಿ ಟಿಕ್ ಹಾಕಿದರಾಯಿತು, ‘ಶ್ರೀ’ ಹೋಗಿ ‘ಲಿಂ.’ ಬರುತ್ತಿತ್ತು.

ಆ ಹೊತ್ತಿಗೇ ಮುಂಡರಗಿಯಿಂದ ಒಂದು ಮನೆತನ ಬಂತು. ಬೀಜ ಗೊಬ್ಬರದ ಅಂಗಡಿಯ ಅಂದಾನಪ್ಪ, ಅವರ ಹೆಂಡತಿ ಗದಿಗೆವ್ವ, ಮಗ ಹೊನ್ನೇಶ, ಜೊತೆಗೆ ಅಂದಾನಪ್ಪನವರ ಅಕ್ಕ. ಚಹಾ ಆಯಿತು. ಅಕ್ಕನೆನಿಸಿಕೊಂಡಾಕೆ ಕಪ್ಪು ಕೆಳಗಿಟ್ಟು ಅದೇ ಮಾತು ತೆಗೆದಳು. ಕಾಂಚನಾ ಬಾಗಿಲಲ್ಲಿ ನಿಂತವಳು ನೆಲ ನೋಡಿದಳು.

ಅಂದಾನಪ್ಪನವರು ಅಕ್ಕನ ಮಾತು ಮುಗಿಯಲು ಬಿಡಲಿಲ್ಲ. “ಬಾಳ್ವಿ ಬಿಟ್ಟು ಬಂದಾಕಿ ಹದಿನೆಂಟು ವರ್ಷ ಮನಿ ನಡಿಸ್ಯಾಳ, ತಂಗಿನ್ನ ಸಾಕ್ಯಾಳ. ಅಕ್ಕಾ, ಇದಕ್ಕಿಂತ ಛಲೋ ಮನಿತನ ಎಲ್ಲಿಂದ ತರತೀ ನೀ?” ಎಂದರು. ಆಮೇಲೆ ಕಾಂಚನಾಳ ಕಡೆ ತಿರುಗಿ, “ಅದೇನೋ ಕಂಪ್ಯೂಟರಿನ್ಯಾಗ ಪತ್ರಿಕಿ ಮಾಡೂದು ಕಲ್ತೀಯಂತಲ್ಲ ತಂಗಿ. ನಮ್ಮ ಹೊನ್ನೇಶಂದ ಮೊದಲನೇದು ಆಗ್ಲಿ” ಎಂದರು.

ಹದಿನೆಂಟು ವರ್ಷದಲ್ಲಿ ಅವಳ ಪರವಾಗಿ ಹೊರಗಿನವರು ಆಡಿದ ಮೊದಲ ಮಾತು ಅದು. ಅವಳು ಒಳಗೆ ಹೋಗಿ, ಸೆರಗಿನಿಂದ ಬಾಯಿ ಒತ್ತಿಕೊಂಡು ಅತ್ತು, ಮುಖ ತೊಳೆದು, ಇನ್ನೊಂದು ಸುತ್ತು ಚಹಾ ಮಾಡಿಕೊಂಡು ಬಂದಳು.

ನಿಶ್ಚಯವಾಯಿತು. ಲಗ್ನ ವೈಶಾಖಕ್ಕೆ. ಅಂದಾನಪ್ಪನವರು ಮಾಯಾಳಿಗೆ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು. ಹೊನ್ನೇಶನಿಗಿಂತ ಮಾವನ ಫೋನೇ ಹೆಚ್ಚು ಎಂದು ಕಾಂಚನಾ ತಂಗಿಯನ್ನು ಕಾಡುತ್ತಿದ್ದಳು. ಯುಗಾದಿಗೆ ಎಂಟು ದಿನ ಇದ್ದಾಗ ಅವರಿಗೆ ಹೊಟ್ಟೆನೋವು ಬಂತು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು, ಆಪರೇಷನ್ನು ಆಯಿತು. ಹತ್ತು ದಿನಕ್ಕೆ ಮನೆಗೆ ಹೋಗಬಹುದು, ಮಗನ ಲಗ್ನದಲ್ಲಿ ಓಡಾಡಬಹುದು ಎಂದು ಡಾಕ್ಟರು ಹೇಳಿದರು. ಹಾಸಿಗೆಯಲ್ಲಿ ಮಲಗಿದವರು ಪತ್ರಿಕೆ ಎಲ್ಲಿಗೆ ಬಂತು ಎಂದು ದಿನವೂ ಕೇಳುತ್ತಿದ್ದರು.

ಹೊನ್ನೇಶ ಆಸ್ಪತ್ರೆಯಲ್ಲೇ ಕೂತು ಫೋನಿನಲ್ಲಿ ಹೆಸರು ತುಂಬಿದ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ರೂಢಿ ನಮ್ಮದು. ಅವರ ಮನೆಯ ಪಟ್ಟಿಯಲ್ಲಿ ಅಂದಾನಪ್ಪ ಎಂಬವರು ಇಬ್ಬರು: ಎಂದೋ ತೀರಿಹೋದ ಮುತ್ತಜ್ಜ, ಬದುಕಿದ್ದ ಅಪ್ಪ. ಗಡಿಬಿಡಿಯಲ್ಲಿ ಅವನು ಮುತ್ತಜ್ಜನಿಗೆ ಹಾಕಬೇಕಾದ ಟಿಕ್ಕನ್ನು ಅಪ್ಪನ ಹೆಸರಿನ ಮಗ್ಗುಲಲ್ಲಿ ಹಾಕಿದ. ಪತ್ರಿಕೆ ಬಂತು. ಮನೆದೇವರಿಗೆ ಮೊದಲ ಪತ್ರಿಕೆ ಮುಟ್ಟಿಸುವ ತನಕ ನೆಂಟರಿಗೆ ಕಳಿಸುವಂತಿಲ್ಲ. ಅಪ್ಪ ಒಬ್ಬರು ನೋಡಲಿ ಎಂದು ಅದರ ಲಿಂಕನ್ನು ಅವರ ಫೋನಿಗಷ್ಟೇ ಕಳಿಸಿದ. ಅದನ್ನು ಒತ್ತಿದಾಗೆಲ್ಲ ಜಾಲತಾಣದಲ್ಲಿ ಆ ಹೊತ್ತಿಗೆ ಇದ್ದ ಪತ್ರಿಕೆ ತೆರೆಯುತ್ತಿತ್ತು.

ಮುಂಜಾನೆ ಹತ್ತರ ಹೊತ್ತಿಗೆ ಕಾಂಚನಾಳಿಗೆ ಅವನ ಫೋನು ಬಂತು.

“ಅಕ್ಕಾರ, ಒಂದು ಘೋಟಾಳಾ ಆಗೇತ್ರಿ. ಅಪ್ಪಾರ ಹೆಸರಿನ ಮುಂದ ಲಿಂ. ಬಂದೈತಿ. ನಾನ ತಪ್ಪು ಹಾಕೀನಿ. ಅವರು ನೋಡಿ ನಗಾಕ ಹತ್ಯಾರ. ಜಲ್ದಿ ತಿದ್ದಿ ಬಿಡ್ರಿ.”

“ಎಂಥಾ ಹುಡುಗ ಅದೀಯೋ ನೀ. ಇಡು ಫೋನ್, ಈಗ ತಿದ್ದತೀನಿ” ಎಂದಳು.

ಪುಟ ತೆರೆದಳು. ಅಂದಾನಪ್ಪನವರ ಹೆಸರಿನ ಮಗ್ಗುಲಿನ ಟಿಕ್ ತೆಗೆದಳು, ಮುತ್ತಜ್ಜನ ಹೆಸರಿಗೆ ಹಾಕಿದಳು, ಉಳಿಸುವ ಗುಂಡಿ ಒತ್ತಿದಳು. ಮೇಲೆ ಹಸಿರು ಅಕ್ಷರದಲ್ಲಿ ‘ತಿದ್ದಲಾಗಿದೆ’ ಎಂದು ಬಂತು. ಆ ಸಾಲನ್ನು ಅವಳೇ ಬರೆದಿದ್ದಳು, ಬಣ್ಣವನ್ನೂ ಅವಳೇ ಆರಿಸಿದ್ದಳು. ತಿದ್ದಿದ ಮೇಲೆ ಮತ್ತೊಂದು ಪ್ರೂಫು ತೆಗೆದು ನೋಡದೆ ಮಷೀನಿಗೆ ಕೊಡಬಾರದು ಎಂಬುದು ಪ್ರೆಸ್ಸಿನ ಕಟ್ಟಳೆ. ಕಾಗದದ ಕೆಲಸದಲ್ಲಿ ಅವಳು ಅದನ್ನು ಒಂದು ಸಲವೂ ಬಿಟ್ಟವಳಲ್ಲ. ಇದು ಕಾಗದವಲ್ಲವಲ್ಲ. ಹಸಿರು ಸಾಲು ನೋಡಿ, ಪತ್ರಿಕೆ ತೆರೆದು ನೋಡದೆ, ಹೊನ್ನೇಶನಿಗೂ ಮಾಯಾಳಿಗೂ ಫೋನು ಮಾಡಿ “ಆತು, ತಿದ್ದೀನಿ” ಎಂದು ಹೇಳಿ ತನ್ನ ಕೆಲಸಕ್ಕೆ ಹತ್ತಿದಳು.

ಐದನೆಯ ದಿನ ಅಂದಾನಪ್ಪನವರು ತೀರಿಕೊಂಡರು.

ಮುಂಡರಗಿಗೆ ಹೋಗಿ ಮಣ್ಣು ಮಾಡಿ ಬಂದ ಮರುದಿನ, ಪತ್ರಿಕೆಯನ್ನು ಜಾಲತಾಣದಿಂದ ತೆಗೆಯೋಣ ಎಂದು ಕಾಂಚನಾ ತೆರೆದಳು. ‘ಲಿಂ. ಅಂದಾನಪ್ಪ’ ಎಂದಿತ್ತು, ಎರಡು ಕಡೆ. ಪಾಪ, ಹೊನ್ನೇಶನೇ ಅಷ್ಟು ಬೇಗ ಬದಲಿಸಿದ್ದಾನೆ ಎಂದುಕೊಂಡಳು. ಆಮೇಲೆ ಯಾವಾಗ ಬದಲಾಯಿತೆಂಬ ದಾಖಲೆ ನೋಡಿದಳು. ಕೊನೆಯದಾಗಿ ಬದಲಾದದ್ದು ಅವಳೇ ತಿದ್ದಿದ ದಿನ, ಮುಂಜಾನೆ ಹತ್ತೂಕಾಲಿಗೆ.

ತಾನು ಬರೆದ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಚೌಕದಲ್ಲಿ ಟಿಕ್ ಇದ್ದರೆ ಆ ಖಬರು ಬ್ರೌಸರಿನಿಂದ ಬರುತ್ತದೆ. ಟಿಕ್ ಇಲ್ಲದಿದ್ದರೆ ಇಲ್ಲ ಎಂಬ ಖಬರೂ ಬರುವುದಿಲ್ಲ, ಏನೂ ಬರುವುದಿಲ್ಲ. ಟಿಕ್ ಬಂದರೆ ‘ಲಿಂ.’ ಹಚ್ಚು ಎಂದು ಅವಳು ಬರೆದಿದ್ದಳು. ಬರದಿದ್ದರೆ ತೆಗೆದುಹಾಕು ಎಂದು ಬರೆದಿರಲಿಲ್ಲ. ಹೇಳದ್ದನ್ನು ಅದು ಮಾಡಲಿಲ್ಲ. ಒಮ್ಮೆ ಸತ್ತವರೆಂದು ದಾಖಲಾದವರನ್ನು ಮತ್ತೆ ಬದುಕಿದವರೆಂದು ಮಾಡಲು ಅವಳ ಜಾಲತಾಣದಲ್ಲಿ ದಾರಿಯೇ ಇರಲಿಲ್ಲ. ಎರಡು ಸಾಲು ಸೇರಿಸಿದರೆ ಸರಿಹೋಗುತ್ತಿತ್ತು. ಎರಡೇ ಸಾಲು. ಅವಳು ಕುರ್ಚಿಯಲ್ಲಿ ಕೂತೇ ಹಣೆ ಹಣೆ ಬಡಿದುಕೊಂಡಳು. ಕಳಕಪ್ಪ ಗಾಬರಿಯಾಗಿ ಓಡಿಬಂದ.

ಅಂದಾನಪ್ಪನವರು ಅದನ್ನು ಆಮೇಲೆ ನೋಡಿರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ನೋಡಿದ್ದರೆ ಫೋನು ಮಾಡುತ್ತಿದ್ದರಲ್ಲ. ಹಾಗೆ ಹೇಳಿಕೊಂಡೇ ಹದಿನೈದು ದಿನ ಕಳೆದಳು. ಲಗ್ನದ ಮಾತು ಆ ಕಡೆಯಿಂದ ಬರಲಿಲ್ಲ. ಕೊನೆಗೆ ಒಂದು ದಿನ ಮಾಯಾಳಿಗೆ, “ಬೀಗರ ಜೋಡಿ ಮಾತಾಡಿ ಬರತೀನಿ” ಎಂದಷ್ಟೇ ಹೇಳಿ ಮುಂಡರಗಿಯ ಬಸ್ಸು ಹತ್ತಿದಳು.

ಗದಿಗೆವ್ವ ಪಡಸಾಲೆಯಲ್ಲಿ ಕೂತಿದ್ದರು. ಹೊನ್ನೇಶ ಬಾಗಿಲ ಹತ್ತಿರ ನಿಂತಿದ್ದ. ಕಾಂಚನಾ ಮುಚ್ಚುಮರೆ ಮಾಡಲಿಲ್ಲ. “ಆವತ್ತು ನಾ ತಿದ್ದಿದ್ದು ಉಳೀಲಿಲ್ರೀ ಅವ್ವಾರ. ಟಿಕ್ ತೆಗೆದ್ರ ಅದು ಏನೂ ಕಳಿಸೂದಿಲ್ಲ, ನನಗ ಗೊತ್ತಿರಲಿಲ್ಲ. ತಪ್ಪು ನಂದು. ಮಾಯಾಂದು ಏನೂ ಇಲ್ಲ” ಎಂದಳು.

“ನನಗ ಅದೆಲ್ಲ ತಿಳಿಯೂದಿಲ್ಲ ತಂಗಿ” ಎಂದರು ಗದಿಗೆವ್ವ. “ಮುಂಜಾನಿ ನೋಡಿ ನಕ್ರು. ಬೀಗರು ನನ್ನ ಆಗಲೇ ಕಳಿಸಿಬಿಟ್ರಲ್ಲ ಅಂತ ಚಾಷ್ಟಿ ಮಾಡಿದ್ರು. ಸಂಜಿಮುಂದ ಯಾಕೋ ಮತ್ತ ತೆಗೆದು ನೋಡ್ಯಾರ. ನಮಗ ಹೇಳಲಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಮಲಕೊಂಡ್ರು. ಗಂಜಿ ಬ್ಯಾಡಂದ್ರು, ಗುಳಿಗಿ ಬ್ಯಾಡಂದ್ರು. ಮೂರು ದಿನ ಆದ ಮ್ಯಾಲೆ ನನ್ನ ಕೈ ಹಿಡದು, ‘ತಿದ್ದೇವಿ ಅಂತ ಸುಳ್ಳು ಹೇಳಿ ಹಂಗ ಇಟ್ಟೀರಿ. ಡಾಕ್ಟರು ನಿಮಗ ಏನ ಹೇಳ್ಯಾರ? ಲಗ್ನಕ್ಕ ನಾ ಇರೂದಿಲ್ಲ ಅಂತ ಎಲ್ಲಾರಿಗೂ ಗೊತ್ತೈತಿ, ನನಗೊಬ್ಬನಿಗೆ ಇಲ್ಲ’ ಅಂದ್ರು. ಹೊನ್ನೇಶ ಆಣಿ ಮಾಡಿ ಹೇಳಿದ. ನಂಬಲಿಲ್ಲ. ನಿನಗ ಫೋನ್ ಮಾಡಿ ಕೇಳೂದ್ರಾಗ ಹೋಗಿಬಿಟ್ರು.”

ಕಾಂಚನಾ ಅವರ ಕಾಲು ಹಿಡಿಯಲು ಬಾಗಿದಳು. ಗದಿಗೆವ್ವ ಕಾಲು ಹಿಂದಕ್ಕೆ ಸರಿಸಿಕೊಂಡು ಅವಳ ರಟ್ಟೆ ಹಿಡಿದು ಎಬ್ಬಿಸಿದರು.

“ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಆಯುಷ್ಯ ಅಷ್ಟ ಇತ್ತು ಅನ್ಕೊಂಡೀನಿ. ಆದರ ಮಾಯಾ ಈ ಮನ್ಯಾಗ ಓಡಾಡಿದ್ರ ನನಗ ದಿನಾ ಆ ಆಸ್ಪತ್ರಿ ಹಾಸಿಗಿ ಕಣ್ಣಿಗೆ ಬರತೈತಿ. ನನ್ನ ಕೈಯಾಗ ಆಕಿ ಸುಖಾ ಪಡೂದಿಲ್ಲ. ಬ್ಯಾರೆ ಕಡೆ ನೋಡ್ರಿ, ತಂಗಿ. ಚಹಾ ಕುಡದು ಹೋಗು.”

ಹೊನ್ನೇಶ ಬಸ್ ನಿಲ್ದಾಣದ ತನಕ ಅವಳ ಹಿಂದೆ ನಡೆದುಬಂದು, ಬಸ್ಸು ಹೊರಡುವ ತನಕ ನಿಂತು, ಹೋದ. ಟಿಕ್ ಹಾಕಿದ ಕೈ ಅವನದು. ಅವನ ಪಾಡು ಅವನಿಗೇ ಗೊತ್ತು.

ದಾರಿಯುದ್ದಕ್ಕೂ ಕಾಂಚನಾ ತಂಗಿಗೆ ಏನು ಹೇಳಬೇಕು ಎಂದು ಯೋಚಿಸಿದಳು. ವರ್ಷ ಕಳೆಯಲಿ ಅಂದರು ಎನ್ನಲೇ? ಗುಣ ಕೂಡಲಿಲ್ಲ ಎಂದರಂತೆ ಎನ್ನಲೇ? ಮೊದಲು ತನ್ನ ಬಾಳ್ವೆಯಿಂದ ತಂಗಿಯದು ನಿಂತಿತ್ತು, ಈಗ ತಾನು ಕಲಿತ ವಿದ್ಯೆಯಿಂದ ಮುರಿಯಿತು. ಹಾಸಿಗೆಯಲ್ಲಿದ್ದ ಆ ಮನುಷ್ಯ ಸಂಜೆ ಮತ್ತೆ ಯಾಕೆ ಫೋನು ತೆಗೆದ? ಮುಂಜಾನೆ ನೋಡಿ ನಕ್ಕಿದ್ದನಲ್ಲ, ಅಷ್ಟಕ್ಕೇ ಬಿಟ್ಟಿದ್ದರೆ ಏನಾಗುತ್ತಿತ್ತು? ಆ ಒಂದು ಪ್ರಶ್ನೆ ಅವಳನ್ನು ಬೆಟಗೇರಿಯ ತನಕ ಬಿಡಲಿಲ್ಲ.

ಮಾಯಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅಕ್ಕನ ಮುಖ ನೋಡಿಯೇ ಯಂತ್ರ ನಿಲ್ಲಿಸಿದಳು. ಕಾಂಚನಾ ಬಸ್ಸಿನಲ್ಲಿ ಜೋಡಿಸಿಕೊಂಡ ಸುಳ್ಳುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿದಳು, ಎರಡು ಸಾಲು ಬರೆಯದೆ ಬಿಟ್ಟದ್ದನ್ನು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು, ಗದಿಗೆವ್ವ ಕೊನೆಗೆ ಆಡಿದ ಮಾತನ್ನು. “ನನ್ನ ಬೈಯವ್ವಾ” ಎಂದಳು. “ಬಾಯಿಗೆ ಬಂದಂಗ ಬೈ. ನಾ ನಿನ್ನ ಬಾಳು ತಿಂದಾಕಿ.”

ಮಾಯಾ ಬೈಯಲಿಲ್ಲ, ಅಳಲೂ ಇಲ್ಲ. ತೊಡೆಯ ಮೇಲಿದ್ದ ಬಟ್ಟೆಯನ್ನು ಮಡಚುತ್ತ ಮೆಲ್ಲಗೆ ಹೇಳಿದಳು:

“ನೀ ಮನಸಿಗೆ ಹಚಗೋತಿ ಅಂತ ಹೇಳಿರಲಿಲ್ಲ ಅಕ್ಕಾ. ಆವತ್ತು ಸಂಜಿಮುಂದ ಮಾವಾರು ನನಗ ಫೋನ್ ಮಾಡಿದ್ರು. ಪತ್ರಿಕಿ ಮಾತು ಅವರು ತೆಗೀಲಿಲ್ಲ. ಉಂಡೇನವಾ, ಏನ್ ಮಾಡಾಕತ್ತಿ ಅಂತ ಕೇಳಾಕ ಮಾಡಿದ್ರು. ನಾನ ಹೇಳಿದೆ, ಮಾವಾರ, ನಮ್ಮಕ್ಕ ಪತ್ರಿಕಿ ತಿದ್ದ್ಯಾಳ್ರಿ, ಇನ್ನೊಮ್ಮೆ ತೆಗೆದು ನೋಡ್ರಿ, ಆಕಿ ಒಮ್ಮೆ ತಿದ್ದಿದ್ರ ಮತ್ತ ತಪ್ಪು ಬರೂದಿಲ್ಲ ಅಂದೆ. ‘ಹೌದೇನವಾ, ಹಂಗಾರ ಈಗ ನೋಡ್ತೀನಿ ತಾಳು’ ಅಂತ ನಕ್ಕೋತ ಫೋನ್ ಇಟ್ರು.”